ಯಾಕ್ ನದಿಯ ದಂಡೆಯಲ್ಲಿ ಮೊದಲ ಐದು ದಿನ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಪ್ರಧಾನ ಭಾಷಣದ ಲಿಖಿತ ರೂಪ)



ಈ ಜಾಗದಲ್ಲಿ ಪ್ರತಿ ವರ್ಷ ಸಾಹಿತಿಗಳೋ ವಿಜ್ಞಾನಿಗಳೋ ನಿಂತು ಮಾತಾಡುವುದು ವಾಡಿಕೆ. ನಾನು ಎರಡೂ ಅಲ್ಲ. ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತು ಬೆನ್ನು ನೋಯಿಸಿಕೊಂಡವನು. ಅಧ್ಯಕ್ಷರು ಫೋನ್ ಮಾಡಿ, "ನಿಮ್ಮ ಸೈಕಲ್ ಪ್ರವಾಸದ ಬಗ್ಗೆ ಮಾತಾಡಿ" ಅಂದಾಗ, "ಅದರಲ್ಲಿ ಸಾಹಸ ಏನೂ ಇಲ್ಲ ಸಾರ್, ರಸ್ತೆಯೂ ಅಲ್ಲದ, ಬೆಟ್ಟವೂ ಅಲ್ಲದ ಹಳೇ ರೈಲು ದಾರಿಯಲ್ಲಿ ಹೋದದ್ದು" ಅಂದೆ. "ಅದನ್ನೇ ಹೇಳಿ" ಅಂದರು. ಹಾಗಾಗಿ ಅದನ್ನೇ ಹೇಳುತ್ತೇನೆ. ಪೂರ್ತಿ ಪ್ರವಾಸದ ಕಥೆ ಬೇಡ. ಮೊದಲ ಐದು ದಿನ ಮಾತ್ರ. ಆಗಬೇಕಾದ್ದೆಲ್ಲ ಆ ಐದು ದಿನಗಳಲ್ಲಿಯೇ ಆಯಿತು.

ಮೊದಲು ದಾರಿಯ ಪರಿಚಯ. ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡಿನ ಕಂಬರ್ಲ್ಯಾಂಡಿನವರೆಗೆ 150 ಮೈಲಿಯ ಒಂದು ಸೈಕಲ್ ದಾರಿ ಇದೆ. ಗ್ರೇಟ್ ಆಲೆಘೆನಿ ಪ್ಯಾಸೇಜ್ ಅಂತ ಹೆಸರು. ಹೆಚ್ಚಿನ ಭಾಗ ಹಳೇ ರೈಲು ಹಳಿಗಳನ್ನು ಕಿತ್ತು, ಸುಣ್ಣದ ಕಲ್ಲಿನ ಪುಡಿ ಹಾಸಿ ಮಾಡಿದ ದಾರಿ. ಓಹಾಯೋಪೈಲ್ ಎಂಬ ಊರಿನ ಹತ್ತಿರದ ಮೊದಲ ತುಂಡು 1986ರಲ್ಲಿ ತೆರೆಯಿತು, ಪಿಟ್ಸ್‌ಬರ್ಗ್‌ವರೆಗಿನ ಕೊನೆಯ ತುಂಡು ಸೇರಿದ್ದು 2013ರಲ್ಲಿ. ಕಂಬರ್ಲ್ಯಾಂಡಿನಿಂದ ಮುಂದೆ ಇನ್ನೊಂದು ದಾರಿ, ಹಳೆಯ ಕಾಲುವೆಯ ದಂಡೆಯ ಮೇಲೆ 184.5 ಮೈಲಿ ಹೋಗಿ ವಾಷಿಂಗ್ಟನ್ ಡಿಸಿ ಮುಟ್ಟುತ್ತದೆ. ಎರಡೂ ಸೇರಿ 334 ಮೈಲಿಗೂ ಸ್ವಲ್ಪ ಹೆಚ್ಚು. ಈ ದಾರಿಗಳಲ್ಲಿ ಕಾರು, ಲಾರಿ ಇಲ್ಲ. ದಾರಿ ತಪ್ಪುವುದೂ ಕಷ್ಟ. ನನ್ನಂಥವರಿಗೆ ಹೇಳಿ ಮಾಡಿಸಿದ್ದು.

ಈಗ ನಾನು ಯಾಕೆ ಹೋದೆ ಅನ್ನುವುದು. ಎರಡು ವರ್ಷದ ಹಿಂದೆ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆಗೆ ಒಂದು ಮೀಟಿಂಗ್ ಇಟ್ಟರು. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಅದೇ ಕಂಪನಿಯಲ್ಲಿ ಹದಿನಾರು ವರ್ಷ ಮಾಡಿದ ಕೆಲಸವೂ ಅದರ ಜೊತೆ ಮುಗಿಯಿತು. ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ನಾಲ್ಕು ತಿಂಗಳ ಸಂಬಳ ಕೊಟ್ಟರು, ಅದಕ್ಕೆ ನಾನು ದೂರುವುದಿಲ್ಲ. ನನಗೆ ಈ ದೇಶದ ಪೌರತ್ವ ಇತ್ತು. ಎಚ್‌-1ಬಿ ವೀಸಾದ ಮೇಲಿರುವ ನಮ್ಮ ಹುಡುಗರಿಗೆ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವುದು 60 ದಿನ. ಆ ಗಡಿಯಾರ ನನ್ನ ತಲೆಯ ಮೇಲೆ ಇರಲಿಲ್ಲ. ಅವರ ಮುಂದೆ ನನ್ನ ಕಷ್ಟ ಕಷ್ಟವೇ ಅಲ್ಲ.

ಆದರೂ ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಗೊತ್ತಿತ್ತು, ಅಷ್ಟೇ. ದಾವಣಗೆರೆಯಲ್ಲಿರುವ ಅಮ್ಮನಿಗೆ ಹೇಳಲಿಲ್ಲ. ನಿಮಗೂ ಹೇಳಲಿಲ್ಲ. ಆ ವರ್ಷ ನಮ್ಮ ಸಂಘದ ಗಣೇಶನ ಹಬ್ಬದ ಲೆಕ್ಕಪತ್ರ ನನ್ನ ಕೈಯಲ್ಲೇ ಇತ್ತು. ಈ ಹಾಲ್‌ನಲ್ಲಿ ಕೂತಿರುವ ಎಷ್ಟೋ ಜನ ಅಂದು, "ಹೇಗಿದೆ ಕೆಲಸ?" ಅಂತ ಕೇಳಿದ್ದಿರಿ. "ತುಂಬಾ ಬ್ಯುಸಿ" ಅಂದಿದ್ದೆ. ಪ್ರಸಾದದ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹೇಳಿದ ಸುಳ್ಳು ಅದು.

ಹಬ್ಬ ಮುಗಿದ ಮರುವಾರ, "ಮೂರು ವಾರ ರಜೆ ಹಾಕಿದ್ದೀನಿ, ಸೈಕಲ್‌ನಲ್ಲಿ ಡಿಸಿಗೆ ಹೋಗ್ತೀನಿ" ಅಂತ ಸ್ನೇಹಿತರಿಗೆ ಹೇಳಿದೆ. ಮನೆಯಲ್ಲಿ ಕೂತು ಬಾರದ ಇಮೇಲ್ ಕಾಯುವುದಕ್ಕಿಂತ ಅದು ಮೇಲು ಅನ್ನಿಸಿತ್ತು. ಹೆಂಡತಿ ಒಂದೇ ಮಾತು ಹೇಳಿದಳು: "ಹೋಗಿ ಬನ್ನಿ. ಆದರೆ ಹೋಗೋ ಮುಂಚೆ ಅಮ್ಮನಿಗೆ ಹೇಳಿ." "ಬಂದು ಹೇಳ್ತೀನಿ" ಅಂದೆ.

ಮೊದಲನೇ ದಿನ. ಸೆಪ್ಟೆಂಬರ್ ಕೊನೆ. ಪಿಟ್ಸ್‌ಬರ್ಗ್‌ನಲ್ಲಿ ಮೂರು ನದಿಗಳು ಸೇರುವ ಪಾಯಿಂಟ್ ಪಾರ್ಕಿನಿಂದ ಹೊರಟೆ. ಸೈಕಲ್‌ಗೆ ಕಟ್ಟಿದ್ದ ಸಾಮಾನು 27 ಕಿಲೋ. ಅದರಲ್ಲಿ ಏನೇನಿತ್ತು ಅಂತ ಕೇಳಿದರೆ ನೀವು ನಗುತ್ತೀರಿ. ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟೌ ಸರಿ. ಜೊತೆಗೆ ಎರಡು ಲೀಟರಿನ ಪ್ರೆಷರ್ ಕುಕ್ಕರು. ಎರಡು ಕಿಲೋ ಅಕ್ಕಿ, ತೊಗರಿಬೇಳೆ, ಅವಲಕ್ಕಿ, ಚಟ್ನಿಪುಡಿ, ಗಾಜಿನ ಬಾಟಲಿಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ. ನಾಲ್ಕು ಪ್ಯಾಂಟು. ನನ್ನ ಸ್ವಂತ ಲ್ಯಾಪ್‌ಟಾಪು. ಮತ್ತು ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಒಂದು ಬಿಳಿ ಶರ್ಟು. ಯಾವನಾದರೂ ವಿಡಿಯೋದಲ್ಲಿ ಇಂಟರ್‌ವ್ಯೂಗೆ ಕರೆದರೆ ಕಾಡಿನಲ್ಲಿ ಕೂತಾದರೂ ಹಾಕಿಕೊಳ್ಳಬೇಕಲ್ಲ!

ನಗರದಿಂದ ಹೊರಡುವ ದಾರಿ ಜೈಲಿನ ಪಕ್ಕದಲ್ಲೇ ಹೋಗುತ್ತದೆ. ಊರವರು ಅದನ್ನು ಜೈಲ್ ಟ್ರೇಲ್ ಅಂತಲೇ ಕರೆಯುತ್ತಾರೆ. ಆಮೇಲೆ ಹಾಟ್ ಮೆಟಲ್ ಬ್ರಿಡ್ಜ್ ದಾಟಬೇಕು. ಒಂದು ಕಾಲದಲ್ಲಿ ಕಾದು ಕರಗಿದ ಕಬ್ಬಿಣವನ್ನು ನದಿಯ ಒಂದು ದಡದಿಂದ ಇನ್ನೊಂದು ದಡದ ಕಾರ್ಖಾನೆಗೆ ರೈಲಿನಲ್ಲಿ ಸಾಗಿಸುತ್ತಿದ್ದ ಸೇತುವೆ ಅದು. ಮುಂದೆ ಹೋಮ್‌ಸ್ಟೆಡ್. ಅಲ್ಲಿದ್ದ ಬಹುದೊಡ್ಡ ಉಕ್ಕಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಈಗ ಅಲ್ಲಿ ಅಂಗಡಿಗಳು, ಸಿನೆಮಾ ಥಿಯೇಟರು. ಹಳೆಯದರ ಗುರುತಾಗಿ ಹನ್ನೆರಡು ಇಟ್ಟಿಗೆ ಚಿಮಣಿಗಳು ಸಾಲಾಗಿ ನಿಂತಿವೆ. ಹೊಗೆ ಇಲ್ಲದ ಚಿಮಣಿಗಳನ್ನು ನೋಡಿ ನನಗೆ ನಮ್ಮೂರು ನೆನಪಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಇತ್ತು. ನಮ್ಮಪ್ಪ ಅಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ಬೆಳಗ್ಗೆ ಮಿಲ್ಲಿನ ಕೂಗು ಕೇಳಿದರೆ ನಮ್ಮ ವಠಾರದಲ್ಲಿ ಗಡಿಯಾರವೇ ಬೇಕಿರಲಿಲ್ಲ. ಆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಪ್ಪ ಆಮೇಲೆ ಹಿಟ್ಟಿನ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು ಅನ್ನುವುದಷ್ಟೇ ನನಗೆ ಗೊತ್ತಿತ್ತು. ಆ ನಡುವೆ ಏನಾಯಿತು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಮೆಕ್‌ಕೀಸ್‌ಪೋರ್ಟ್ ದಾಟಿದ ಮೇಲೆ ದಾರಿ ಒಂದು ನದಿಯ ಪಕ್ಕ ಸೇರುತ್ತದೆ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನೋಡಿದರೆ ಓದಲಿಕ್ಕೇ ಆಗುವುದಿಲ್ಲ. ಹೇಳುವುದು ಯಾಕಗೇನಿ ಅಂತ. ಅಲ್ಲಿನವರು ಅದನ್ನೂ ಮೊಟಕು ಮಾಡಿ "ಯಾಕ್" ಅನ್ನುತ್ತಾರೆ. ಯಾಕ್ ನದಿ! ಕನ್ನಡದವನಿಗೆ ಇದಕ್ಕಿಂತ ಇನ್ನೇನು ಬೇಕು? ಎಪ್ಪತ್ತು ಮೈಲಿ ಆ ನದಿ ನನ್ನ ಪಕ್ಕದಲ್ಲೇ ಇತ್ತು. ನಾನು ಏದುಸಿರು ಬಿಡುತ್ತಾ ತುಳಿಯುವಾಗೆಲ್ಲ ಅದು ಒಂದೇ ಪ್ರಶ್ನೆ ಕೇಳುತ್ತಿತ್ತು: ಯಾಕ್? ಯಾಕ್?

ನಲವತ್ತು ಮೈಲಿ ತುಳಿದು ಸೀಡರ್ ಕ್ರೀಕ್ ಎಂಬ ಪಾರ್ಕಿನಲ್ಲಿ ಟೆಂಟ್ ಹಾಕಿದೆ. ಅಂಗೈ ಜೋಮು ಹಿಡಿದಿತ್ತು. ಕೂರುವ ಜಾಗದ ಬಗ್ಗೆ ಸಭೆಯಲ್ಲಿ ಮಾತಾಡುವುದು ಬೇಡ. ಅಷ್ಟೂ ಭಾರವನ್ನು ಹಿಂದಿನ ಚಕ್ರದ ಮೇಲೆ ಹೇರಿದ್ದರಿಂದ ಮುಂದಿನ ಚಕ್ರ ಹಗುರಾಗಿ, ಹ್ಯಾಂಡಲ್ ಇಡೀ ದಿನ ಅಲ್ಲಾಡಿತ್ತು. ರಾತ್ರಿ ಎಂಟೂವರೆಗೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಆರು. ಅಮ್ಮ ಕಾಫಿಗೆ ಹಾಲು ಕಾಯಿಸುವ ಹೊತ್ತು. ಅದು ನಮ್ಮಿಬ್ಬರ ಹಲವು ವರ್ಷಗಳ ರೂಢಿ. "ಎಲ್ಲಿದೀಯಪಾ, ಹುಳ ಕೂಗೋ ಸದ್ದು ಕೇಳ್ತೈತಲ್ಲ?" ಅಂದರು. "ಕಿಟಕಿ ತೆಗೆದೀನಿ ಅಮ್ಮ" ಅಂದೆ.

ಆ ರಾತ್ರಿ ಕಲಿತ ಪಾಠ ಎರಡು. ಒಂದು, ಚಳಿ ಮೇಲಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಸುರಿದು, ಕೆಳಗೆ ಹಾಸಲು ಮನೆಯ ಯೋಗ ಮ್ಯಾಟ್ ಸಾಕು ಅಂದುಕೊಂಡಿದ್ದೆ. ಮಲಗಿದಾಗ ನಮ್ಮ ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾಗುತ್ತದೆ, ಬೆಚ್ಚಗಿಡುವ ಗಾಳಿ ಅದರಲ್ಲಿ ಉಳಿಯುವುದಿಲ್ಲ. ನೆಲ ನಮ್ಮ ಕಾವನ್ನೆಲ್ಲ ಹೀರಿಕೊಳ್ಳುತ್ತದೆ. ಬೆನ್ನಡಿಗೆ ಗಾಳಿ ತುಂಬುವ, ಚಳಿ ತಡೆಯುವ ಹಾಸಿಗೆ ಬೇಕೇ ಬೇಕು. ಎರಡನೆಯದು, ತಿನ್ನುವ ಸಾಮಾನನ್ನು ಟೆಂಟಿನ ಬಾಗಿಲಲ್ಲಿ ಇಡಬಾರದು. ಎರಡು ಗಂಟೆಗೆ ಸದ್ದಾಗಿ ಟಾರ್ಚ್ ಬಿಟ್ಟರೆ, ಒಂದು ರಕೂನ್ ಅವಲಕ್ಕಿ ಚೀಲ ಹರಿದು ಎರಡೂ ಕೈಯಲ್ಲಿ ಬಾಚಿ ತಿನ್ನುತ್ತಿದೆ. ಹೆದರಲೂ ಇಲ್ಲ, ಓಡಲೂ ಇಲ್ಲ. ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ಮೂಸಿ ನೋಡಿ ಬಿಟ್ಟಿತು.

ಎರಡನೇ ದಿನ ಮಳೆ. ಜಡಿಮಳೆಯಲ್ಲ, ನಿಲ್ಲದೆ ಜಿನುಗುವ ಮಳೆ. ಸುಣ್ಣದ ಕಲ್ಲಿನ ಪುಡಿ ಒದ್ದೆಯಾದರೆ ಮೆತ್ತಗಿನ ಹಿಟ್ಟಿನಂತಾಗಿ ಟೈರನ್ನು ಹಿಡಿಯುತ್ತದೆ, ಚೈನಿನೊಳಗೆ ಸೇರಿ ಕರಕರ ಅನ್ನುತ್ತದೆ. ಇಪ್ಪತ್ತೊಂದು ಮೈಲಿಗೆ ಕನೆಲ್ಸ್‌ವಿಲ್ ಅನ್ನುವ ಊರು ಸಿಗುವ ಹೊತ್ತಿಗೆ ನನ್ನ ಕೈಯಲ್ಲಿ ಆಗಲಿಲ್ಲ. ದಾರಿ ಬದಿಯ ಬೆಂಚಿನ ಮೇಲೆ ಕೂತು, ಹೆಂಡತಿಗೆ ಫೋನ್ ಮಾಡಿ ಕಾರು ತರಲು ಹೇಳೋಣ ಅಂತ ಫೋನ್ ತೆಗೆದೆ. ಹ್ಯಾಂಡಲಿಗೆ ಸಿಕ್ಕಿಸಿ ನಕ್ಷೆ ನೋಡುತ್ತಾ ಬಂದಿದ್ದ ಫೋನು ನೆನೆದು ತೊಪ್ಪೆಯಾಗಿತ್ತು. ಚಾರ್ಜು ಮೂರು ಪರ್ಸೆಂಟ್. ವೈರು ಚುಚ್ಚಿದರೆ, ಒಳಗೆ ನೀರಿದೆ, ಚಾರ್ಜ್ ಮಾಡಬೇಡಿ ಅಂತ ತೋರಿಸಿ ಆರಿಹೋಯಿತು. ನಾನು ಪ್ರವಾಸ ಮುಂದುವರಿಸಿದ್ದು ಛಲದಿಂದಲ್ಲ. ಫೋನ್ ಕೆಟ್ಟಿದ್ದರಿಂದ.

ಮಾಡಲು ಬೇರೆ ಏನೂ ಇರಲಿಲ್ಲ, ಹಾಗಾಗಿ ಅಂಚೆ ಕಚೇರಿಗೆ ಹೋದೆ. ಒಂದು ರಟ್ಟಿನ ಪೆಟ್ಟಿಗೆ ಕೊಂಡು ಅದರಲ್ಲಿ ಕುಕ್ಕರು, ಮೂರು ಪ್ಯಾಂಟು, ಅಕ್ಕಿ, ಬೇಳೆ ಎಲ್ಲ ತುಂಬಿ ಮನೆಗೆ ಕಳಿಸಿದೆ. ಬಿಳಿ ಶರ್ಟನ್ನು ಎರಡು ಸಲ ಒಳಗೆ ಹಾಕಿ ಹೊರಗೆ ತೆಗೆದೆ. ಮೂರನೇ ಸಲ ಹಾಕಿ ಟೇಪು ಅಂಟಿಸಿಬಿಟ್ಟೆ. ಆರೂವರೆ ಕಿಲೋ ಕಡಿಮೆಯಾಯಿತು. ಲ್ಯಾಪ್‌ಟಾಪನ್ನು ಮಾತ್ರ ಬಿಡಲಾಗಲಿಲ್ಲ. ಉಳಿದ ಸಾಮಾನಲ್ಲಿ ಭಾರದ್ದನ್ನೆಲ್ಲ ಮುಂದಿನ ಚಕ್ರದ ಎರಡೂ ಬದಿಗೆ, ಕೆಳಮಟ್ಟದಲ್ಲಿ ಕಟ್ಟಿದೆ. ಹ್ಯಾಂಡಲ್ ಅಲ್ಲಾಡುವುದು ನಿಂತಿತು. ಇದನ್ನು ಮೊದಲೇ ಓದಿದ್ದೆ, ಆದರೆ ನಂಬಿರಲಿಲ್ಲ.

ಕನೆಲ್ಸ್‌ವಿಲ್‌ನಲ್ಲಿ ಸೂಪರ್ ಮಾರ್ಕೆಟ್ಟಿನ ಮಗ್ಗುಲಲ್ಲೇ ಸೈಕಲ್ ಪ್ರವಾಸಿಗಳಿಗಾಗಿ ಮರದ ಗುಡಿಸಲುಗಳಿವೆ. ಮೂರು ಕಡೆ ಗೋಡೆ, ಒಂದು ಕಡೆ ಬಯಲು. ಬಾಡಿಗೆ ಇಲ್ಲ. ಅಲ್ಲಿ ಎಪ್ಪತ್ತು ದಾಟಿದ ದಂಪತಿ ಇದ್ದರು, ಮಿಚಿಗನ್‌ನವರು. ನಾನು ನಡುಗುವುದನ್ನು ನೋಡಿ ಆಕೆ ಬಿಸಿನೀರಿನ ಲೋಟ ಕೈಗೆ ಕೊಟ್ಟರು. ಆತ ತಗಡಿನ ಡಬ್ಬಿಯ ಬೀನ್ಸ್ ಬಿಸಿ ಮಾಡುತ್ತಿದ್ದರು. ಮಾತಿಗೆ ಮಾತು ಬಂತು. "ಏನು ಕೆಲಸ?" "ಸಾಫ್ಟ್‌ವೇರ್." "ಮೂರು ವಾರ ರಜೆ ಕೊಟ್ಟರೇ? ಒಳ್ಳೇ ಕಂಪನಿ" ಅಂದರು ಆತ.

ಹೂಂ ಅನ್ನಬಹುದಿತ್ತು. ಅಂದು ಆಗಲಿಲ್ಲ. "ರಜೆ ಅಲ್ಲ, ಕೆಲಸ ಹೋಯಿತು" ಅಂದೆ. ಏಳು ವಾರದಲ್ಲಿ ಹೆಂಡತಿಯನ್ನು ಬಿಟ್ಟು ಬೇರೆಯವರ ಮುಂದೆ ಆ ಮಾತನ್ನು ಹೇಳಿದ್ದು ಅದೇ ಮೊದಲು. ಆಕಾಶ ಬೀಳಲಿಲ್ಲ. ಆತ ಬೀನ್ಸ್ ಡಬ್ಬಿ ನನ್ನ ಕಡೆ ಸರಿಸಿ, "ನನಗೆ ಎರಡು ಸಲ ಹೋಗಿತ್ತು, ಕಾರ್ಖಾನೆಯಲ್ಲಿ" ಅಂದರು. ಅಷ್ಟೇ. ಸಮಾಧಾನದ ಮಾತಿಲ್ಲ, ಉಪದೇಶ ಇಲ್ಲ. ನಾನು ಉಪ್ಪಿನಕಾಯಿ ಬಾಟಲಿ ತೆಗೆದೆ. ಬೀನ್ಸಿಗೆ ಮಾವಿನಕಾಯಿ ಉಪ್ಪಿನಕಾಯಿ ನೆಂಚಿಕೊಂಡು ಮೂವರೂ ತಿಂದೆವು. ಆಕೆ ಎರಡನೇ ಸಲ ಹಾಕಿಸಿಕೊಂಡರು, ಆತ ನೀರು ಕುಡಿದರು.

ಅವರ ಫೋನು ಇಸಿದುಕೊಂಡು ಹೆಂಡತಿಗೆ ಸಂದೇಶ ಕಳಿಸಿದೆ. ನನಗೆ ಬಾಯಲ್ಲಿ ಬರುವ ನಂಬರು ಅವಳದ್ದೊಂದೇ. "ಫೋನ್ ನೆನೆದಿದೆ. ಕ್ಷೇಮ. ಎರಡು ದಿನ ಸಿಗದಿರಬಹುದು. ಅಮ್ಮನಿಗೆ ಆಫೀಸಿನಲ್ಲಿ ಮೀಟಿಂಗ್ ಅಂತ ಹೇಳು." ಉತ್ತರ ಬಂತು: "ಸರಿ. ಹುಷಾರು." ಮೀಟಿಂಗಿನ ಬಗ್ಗೆ ಏನೂ ಇರಲಿಲ್ಲ. ನಾನು ಅದನ್ನು ಗಮನಿಸಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಒಂಟಿಯಾಗಿ ಪ್ರವಾಸ ಹೋಗುವುದು ಅಂದರೆ ಏನು ಅಂತ ನಾನು ತಪ್ಪು ತಿಳಿದಿದ್ದೆ. ಯಾರ ಹಂಗೂ ಇಲ್ಲದೆ ಹೋಗುವುದು ಅಂದುಕೊಂಡಿದ್ದೆ. ಆದರೆ ನೆನೆದವನ ಕೈಗೆ ಬಿಸಿನೀರು ಕೊಟ್ಟವರು ಯಾರು? ಆ ಗುಡಿಸಲು ಕಟ್ಟಿದವರು ಯಾರು? ರೈಲು ನಿಂತ ಮೇಲೆ ಮುಳ್ಳು ಬೆಳೆದಿದ್ದ ದಾರಿಯನ್ನು ತುಂಡು ತುಂಡಾಗಿ ಜೋಡಿಸಿದವರಲ್ಲಿ ಆ ಊರುಗಳ ಸ್ವಯಂಸೇವಕರು ಎಷ್ಟೋ ಜನ. ನಾನು ಒಬ್ಬನೇ ತುಳಿಯುತ್ತಿದ್ದೆ, ನಿಜ. ಒಬ್ಬನೇ ಇರಲಿಲ್ಲ.

ಮೂರನೇ ದಿನ ಬಿಸಿಲು ಬಂತು. ಮೈ ಕೂಡ ಸ್ವಲ್ಪ ಮಾತು ಕೇಳಿತು. ದೂರದ ಸೈಕಲ್ ಸವಾರಿಯಲ್ಲಿ ಇದನ್ನು ಎಲ್ಲರೂ ಹೇಳುತ್ತಾರೆ: ಮೊದಲೆರಡು ದಿನ ಮೈ ಜಗಳವಾಡುತ್ತದೆ, ಮೂರು ನಾಲ್ಕನೇ ದಿನದಿಂದ ಒಪ್ಪಿಕೊಳ್ಳುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೂ ಅಂದೇ ಗೊತ್ತಾಯಿತು. ಗಂಟೆಗೊಮ್ಮೆ ಎರಡು ಖರ್ಜೂರ, ಒಂದು ಹಿಡಿ ಕಡಲೆಬೀಜ, ನಾಲ್ಕು ಗುಟುಕು ನೀರು. ನಮ್ಮ ಕಡಲೆಬೀಜದ ಚಿಕ್ಕಿಗೆ ಸಮನಾದ ಸೈಕಲ್ ಆಹಾರ ಇನ್ನೊಂದಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಎನರ್ಜಿ ಬಾರುಗಳನ್ನು ನೋಡಿ ನಗು ಬಂತು.

ಓಹಾಯೋಪೈಲ್‌ನಲ್ಲಿ ಯಾಕ್ ನದಿ ಇಪ್ಪತ್ತು ಅಡಿಯ ಜಲಪಾತವಾಗಿ ಧುಮುಕುತ್ತದೆ. ನಮ್ಮ ಜೋಗ ನೋಡಿದವರಿಗೆ ಅದು ಮೋರಿ ನೀರು ಬಿದ್ದ ಹಾಗೆ. ಆದರೂ ಒಂದು ಗಂಟೆ ಅಲ್ಲಿ ಕೂತೆ. ಮುಂದಿನ ಹತ್ತು ಮೈಲಿ ಬರೀ ಕಾಡು. ಎಲೆಗಳು ಆಗಷ್ಟೇ ಅರಿಶಿನ ಬಣ್ಣಕ್ಕೆ ತಿರುಗುತ್ತಿದ್ದವು. ಸಂಜೆ ಕಾನ್‌ಫ್ಲುಯೆನ್ಸ್ ಎಂಬ ಊರಿನ ಅಣೆಕಟ್ಟಿನ ಕೆಳಗಿನ ಕ್ಯಾಂಪಿನಲ್ಲಿ ಇಳಿದೆ. ಅಲ್ಲಿ ಬಿಸಿನೀರಿನ ಸ್ನಾನ ಸಿಕ್ಕಿತು. ಫೋನ್ ಒಣಗಿ ಜೀವ ಬಂದಿತ್ತು, ಆದರೆ ನನ್ನ ಫೋನಿಗೆ ಸಿಗ್ನಲ್ ಇಲ್ಲ. ಎಂಟೂವರೆಯಾಯಿತು. ದಾವಣಗೆರೆಯಲ್ಲಿ ಹಾಲು ಕಾಯುತ್ತಿರುತ್ತದೆ ಅಂದುಕೊಂಡೆ. ಸತತ ಎರಡು ದಿನ ಆ ಕರೆ ತಪ್ಪಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ನಾಲ್ಕನೇ ದಿನ. ಕಾನ್‌ಫ್ಲುಯೆನ್ಸ್‌ನಲ್ಲಿ ದಾರಿ ಯಾಕ್ ನದಿಯನ್ನು ಬಿಟ್ಟು ಕ್ಯಾಸಲ್‌ಮನ್ ನದಿಯನ್ನು ಹಿಡಿಯುತ್ತದೆ. ಪ್ರಶ್ನೆ ಕೇಳುವ ನದಿ ಹಿಂದೆ ಉಳಿಯಿತು ಅಂದುಕೊಂಡು ಹದಿನೆಂಟು ಮೈಲಿ ತುಳಿದು ರಾಕ್‌ವುಡ್ ತಲುಪಿದೆ. ಹನ್ನೊಂದು ಗಂಟೆ. ಸಿಗ್ನಲ್ ಬಂತು. ಒಂದರ ಹಿಂದೆ ಒಂದು ಹದಿನಾಲ್ಕು ಮಿಸ್ಡ್ ಕಾಲ್. ಎಲ್ಲ ಅಮ್ಮನದ್ದು. ಮತ್ತೆ ಹೆಂಡತಿಯ ಒಂದು ಸಂದೇಶ: "ಅಮ್ಮ ತುಂಬಾ ಗಾಬರಿಯಾಗಿದ್ದರು. ನನಗೆ ಇನ್ನು ಸುಳ್ಳು ಹೇಳೋಕೆ ಆಗಲಿಲ್ಲ. ಎಲ್ಲ ಹೇಳಿದ್ದೀನಿ. ಕ್ಷಮಿಸಿ. ಫೋನ್ ಮಾಡಿ."

ಮೊದಲು ಬಂದದ್ದು ಸಿಟ್ಟು, ಮುಚ್ಚಿಡುವುದಿಲ್ಲ. ಅರ್ಧ ಗಂಟೆ ಸೈಕಲ್ ಪಕ್ಕ ಕೂತಿದ್ದೆ. ಆಮೇಲೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಒಂಬತ್ತು.

"ಊಟ ಆತಾ?" ಇದು ಅಮ್ಮನ ಮೊದಲ ಮಾತು.

"ಆಯ್ತು ಅಮ್ಮ."

"ಕೆಲಸ ಹೋತಂತೆ."

"ಹೂಂ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ.

"ಎರಡು ತಿಂಗಳಿಂದ ನಿನ್ನ ದನಿ ಬ್ಯಾರೆ ಇತ್ತು. ಮೈ ಹುಷಾರಿಲ್ಲೇನೋ, ಗಂಡ ಹೆಂಡ್ತಿ ಜಗಳ ಆಡೀರೇನೋ ಅಂತ ಎಲ್ಲಾ ಯೋಚನೆ ಮಾಡ್ದೆ. ನೋಡಪಾ, ಮಿಲ್ಲಿನ ಗೇಟಿಗೆ ಬೀಗ ಹಾಕಿದ ದಿನ ನಿಮ್ಮಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ್ರು. ಸೈಕಲ್ಲಿನ ಕ್ಯಾರಿಯರ್‌ನಾಗೆ ಬುತ್ತಿ ಹಂಗೇ ಇತ್ತು. ಒಳಗೆ ಬರ್ಲಿಲ್ಲ. ವಠಾರದ ನಲ್ಲಿ ಹತ್ರ ಸೈಕಲ್ ನಿಲ್ಲಿಸಿ, ಎಲ್ಲಾರಿಗೂ ಕೇಳೋ ಹಂಗೆ, 'ಮಿಲ್ಲು ಮುಚ್ಚಿದ್ರು, ನಂಗೆ ಕೆಲಸ ಇಲ್ಲ' ಅಂದ್ರು. ನಾನು ಒಳಗೆ ಕುಂತು ಅತ್ತೆ, ಮಾನ ಹೋತು ಅಂತ. ರಾತ್ರಿ ಎದುರುಮನೆಯೋರು ಬಂದು, ನಮ್ಮ ಭಾವನ ಹಿಟ್ಟಿನ ಗಿರಣಿಯಾಗೆ ಲೆಕ್ಕ ಬರೆಯೋರು ಬೇಕಂತೆ, ನಾಳೆ ಹೋಗಿ ನೋಡು ಅಂದ್ರು. ಅವತ್ತು ಹೇಳ್ದೆ ಇದ್ದಿದ್ರೆ ಅವರಿಗೆ ಹೆಂಗೆ ಗೊತ್ತಾಗ್ತಿತ್ತು?"

ನಾನು ಆಗ ಆರನೇ ಕ್ಲಾಸು. ಈ ಕಥೆ ನನಗೆ ಗೊತ್ತೇ ಇರಲಿಲ್ಲ. ಅಪ್ಪ ತೀರಿಹೋಗಿ ಒಂಬತ್ತು ವರ್ಷ.

"ನಂಗೆ ಹೇಳಿದ್ರೆ ನಾನೇನು ನಿಂಗೆ ಕೆಲಸ ಕೊಡಿಸ್ತಿದ್ದಿಲ್ಲ" ಅಂದರು ಅಮ್ಮ. "ದಿನಾ ಬೆಳಗ್ಗೆ ಎದ್ದು ಮಗನ ಬಾಯಿಂದ ಸುಳ್ಳು ಕೇಳೋದು ತಪ್ತಿತ್ತು." ಆಮೇಲೆ ತಾವೇ ಮಾತು ಬದಲಿಸಿದರು. "ಎಲ್ಲಿ ಮಲಗ್ತೀಯಾ ಕಾಡಿನಾಗೆ? ಹಾವು ಗೀವು ಅದಾವಾ?"

ಅಂದು ಮುಂದೆ ಹೋಗಲಿಲ್ಲ. ರಾಕ್‌ವುಡ್‌ನಲ್ಲೇ ದಾರಿ ಬದಿಯ ಕ್ಯಾಂಪಿನಲ್ಲಿ ಟೆಂಟ್ ಹಾಕಿ, ಮಧ್ಯಾಹ್ನ ಮೂರರಿಂದ ಮರುದಿನ ಬೆಳಗ್ಗೆ ಆರರವರೆಗೆ ಮಲಗಿದೆ. ಊಟಕ್ಕೆ ಒಮ್ಮೆ ಎದ್ದದ್ದು ಬಿಟ್ಟರೆ. ಆಗಸ್ಟ್‌ನಿಂದ ಆಚೆಗೆ ಅಷ್ಟು ಹೊತ್ತು ನಾನು ನಿದ್ದೆ ಮಾಡಿರಲಿಲ್ಲ.

ಐದನೇ ದಿನ ಇಪ್ಪತ್ತು ಮೈಲಿ ಏರು. ಏರು ಅಂದರೆ ಹೆದರಬೇಡಿ. ರೈಲು ಹತ್ತಬೇಕಿದ್ದ ದಾರಿ, ನೂರು ಅಡಿ ಮುಂದೆ ಹೋದರೆ ಒಂದು ಅಡಿಯೂ ಏರುವುದಿಲ್ಲ. ಕಣ್ಣಿಗೆ ಗೊತ್ತಾಗುವುದಿಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಮೈಯರ್ಸ್‌ಡೇಲ್ ಊರಿನ ಮುಂಚೆ ಸಾಲ್ಸ್‌ಬರಿ ವಯಾಡಕ್ಟ್ ಅನ್ನುವ ಉದ್ದನೆಯ ಹಳೇ ರೈಲು ಸೇತುವೆ, 1,908 ಅಡಿ. ಕೆಳಗೆ ಹೊಲ, ನದಿ, ಹೆದ್ದಾರಿ. ಅದನ್ನು ದಾಟಿ ಮುಂದೆ ಹೋದರೆ 2,392 ಅಡಿ ಎತ್ತರದಲ್ಲಿ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್. ಇಡೀ ದಾರಿಯ ನೆತ್ತಿ ಅದು. ಈ ಕಡೆ ಬಿದ್ದ ಮಳೆಹನಿ ಕ್ಯಾಸಲ್‌ಮನ್, ಯಾಕ್, ಒಹಾಯೋ, ಮಿಸಿಸಿಪಿ ಸೇರಿ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಆ ಕಡೆ ಬಿದ್ದದ್ದು ಪೊಟೊಮ್ಯಾಕ್ ನದಿ ಸೇರಿ ಚೆಸಪೀಕ್ ಕೊಲ್ಲಿಗೆ. ಪಿಟ್ಸ್‌ಬರ್ಗ್‌ನಿಂದ ಅಲ್ಲಿಗೆ 126 ಮೈಲಿ. ಅಲ್ಲಿಂದ ಕಂಬರ್ಲ್ಯಾಂಡಿಗೆ 24 ಮೈಲಿ, ಪೂರ್ತಿ ಇಳಿಜಾರು.

ಅಲ್ಲಿ ಸೈಕಲ್ ಒರಗಿಸಿ ನಮ್ಮ ಸಂಘದ ವಾಟ್ಸ್ಯಾಪ್ ಗುಂಪಿಗೆ ಬರೆದೆ: "ಎಲ್ಲರಿಗೂ ನಮಸ್ಕಾರ. ನಾನು ರಜೆಯಲ್ಲಿ ಇಲ್ಲ. ನನ್ನ ಕೆಲಸ ಹೋಗಿ ಏಳು ವಾರ ಆಯಿತು. ಹಬ್ಬದ ದಿನ ಬ್ಯುಸಿ ಅಂದದ್ದು ಸುಳ್ಳು. ಎಲ್ಲಾದರೂ ಅವಕಾಶ ಇದ್ದರೆ ತಿಳಿಸಿ." ಕಳಿಸು ಒತ್ತಿದೆ, ಹೋಗಲಿಲ್ಲ. ಸಿಗ್ನಲ್ ಇಲ್ಲ. ಫೋನನ್ನು ಚೀಲಕ್ಕೆ ಹಾಕಿ ಹೊರಟೆ. ಸ್ವಲ್ಪ ದೂರದಲ್ಲೇ ಬಿಗ್ ಸ್ಯಾವೇಜ್ ಸುರಂಗ, 3,294 ಅಡಿ. ಒಳಗೆ ದೀಪಗಳಿವೆ, ಆದರೂ ತಣ್ಣಗೆ, ತೇವವಾಗಿ, ಸ್ವಲ್ಪ ಭಯವಾಗುತ್ತದೆ. ಆಚೆ ಬಾಯಿಂದ ಹೊರಬಂದರೆ ಮೇರಿಲ್ಯಾಂಡಿನ ಬೆಟ್ಟಗಳು ಒಂದರ ಹಿಂದೆ ಒಂದು. ಅಲ್ಲೆಲ್ಲೋ ಇಳಿಜಾರಿನಲ್ಲಿ ನನ್ನ ಸಂದೇಶ ತಾನಾಗಿಯೇ ಹೋಗಿತ್ತು. ಹಿಂದೆ ತೆಗೆದುಕೊಳ್ಳಲು ನಾನು ಫೋನೇ ನೋಡಿರಲಿಲ್ಲ.

ಕಂಬರ್ಲ್ಯಾಂಡ್ ತಲುಪಿದಾಗ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಉತ್ತರಗಳಿದ್ದವು. ಅವುಗಳಿಗಿಂತ ಮುಖ್ಯವಾದವು ನನಗೆ ಪ್ರತ್ಯೇಕವಾಗಿ ಬಂದಿದ್ದ ಮೂರು. ಒಂದರಲ್ಲಿ ಒಬ್ಬರು ರೆಸ್ಯೂಮೆ ಕಳಿಸಿ ಅಂದಿದ್ದರು. ಉಳಿದ ಎರಡರಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಮಾತು: "ನನ್ನದೂ ಹೋಗಿದೆ ಸಾರ್. ಯಾರಿಗೂ ಹೇಳಿಲ್ಲ." ಅವರಲ್ಲಿ ಒಬ್ಬರು ಗಣೇಶನ ಹಬ್ಬದ ದಿನ ನನ್ನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಿದ್ದರು. ನಾವಿಬ್ಬರೂ ಒಬ್ಬರಿಗೊಬ್ಬರು ಬ್ಯುಸಿ ಅಂತ ಹೇಳಿಕೊಂಡು ಪಾಯಸ ತಿಂದಿದ್ದೆವು. ಅವರಿಗೆ ಆ 60 ದಿನದ ಗಡಿಯಾರವೂ ಇತ್ತು.

ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹಬ್ಬದ ದಿನವೇ ನಾನು ನಿಜ ಹೇಳಿದ್ದರೆ ಅವರೂ ಹೇಳುತ್ತಿದ್ದರು. ಅವರಿಗೆ ಎರಡು ವಾರ ಉಳಿಯುತ್ತಿತ್ತು. ಅವರಿಗೆ ಕೆಲಸ ಸಿಗುವಷ್ಟರಲ್ಲಿ ದಿನಗಳು ಮುಗಿದುಹೋದವು. ಕುಟುಂಬ ಸಮೇತ ಬೆಂಗಳೂರಿಗೆ ಹೋದರು. ಅಲ್ಲಿ ಚೆನ್ನಾಗಿದ್ದಾರೆ, ನಾನು ಈ ಮಾತನ್ನು ಇಲ್ಲಿ ಹೇಳುತ್ತೇನೆ ಅಂತ ಅವರ ಒಪ್ಪಿಗೆ ಕೇಳಿದ್ದೇನೆ. ಆದರೂ ಆ ಎರಡು ವಾರದ ಲೆಕ್ಕ ನನ್ನ ಹೆಸರಿನಲ್ಲೇ ಇದೆ.

ಮುಂದಿನ 184.5 ಮೈಲಿಯ ಕಥೆ ಇನ್ನೊಂದು ದಿನಕ್ಕಿರಲಿ. ವಾಷಿಂಗ್ಟನ್ ತಲುಪಿದೆ. ಲ್ಯಾಪ್‌ಟಾಪೂ ತಲುಪಿತು. ದಾರಿಯಲ್ಲಿ ಒಮ್ಮೆಯೂ ತೆರೆಯಲಿಲ್ಲ ಅಂದರೆ ಚೆನ್ನಾಗಿರುತ್ತಿತ್ತು, ಆದರೆ ಎರಡು ಸಲ ತೆರೆದೆ. ಕೆಲಸ ಸಿಕ್ಕಿದ್ದು ಮರುವರ್ಷ ಫೆಬ್ರವರಿಯಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಸೈಕಲ್ ತುಳಿದದ್ದಕ್ಕೆ ಕೆಲಸ ಸಿಕ್ಕಿತು ಅಂತ ನಾನು ಹೇಳುವುದಿಲ್ಲ.

ನೀವು ಯಾರಾದರೂ ಹೊರಡುವುದಾದರೆ ನಾಲ್ಕು ಮಾತು. ಅರ್ಧ ಸಾಮಾನು ಮನೆಯಲ್ಲೇ ಬಿಡಿ. ಬೆನ್ನಡಿಯ ಹಾಸಿಗೆಗೆ ದುಡ್ಡು ಹಾಕಿ. ಮೊದಲ ಎರಡು ದಿನ ಇಪ್ಪತ್ತೈದು ಮೈಲಿ ಮೀರಬೇಡಿ, ಎರಡನೇ ದಿನ ಬಿಟ್ಟುಬಿಡಬೇಕು ಅನ್ನಿಸಿದರೆ ನಾಲ್ಕನೇ ದಿನದವರೆಗೆ ತಡೆಯಿರಿ. ಪ್ರತಿ ರಾತ್ರಿ ಎಲ್ಲಿರುತ್ತೀರಿ ಅಂತ ಒಬ್ಬರಿಗಾದರೂ ನಿಜ ಹೇಳಿ ಹೋಗಿ.

ಆ ನಾಲ್ಕನೆಯದು ಸೈಕಲ್ಲಿಗೆ ಮಾತ್ರ ಅಲ್ಲ. ಕಳೆದ ವರ್ಷದಿಂದ ನಮ್ಮ ಸಂಘದಲ್ಲಿ ತಿಂಗಳ ಎರಡನೇ ಶನಿವಾರ ಬೆಳಗ್ಗೆ ಕೆಲವರು ಕಾಫಿಗೆ ಸೇರುತ್ತೇವೆ. ಕೆಲಸ ಹೋದವರು, ಹೋಗಬಹುದು ಅಂತ ಹೆದರಿದವರು, ಒಂದು ಕಾಲದಲ್ಲಿ ಹೋಗಿದ್ದವರು. ಹೆಸರಿಲ್ಲ, ಸದಸ್ಯತ್ವ ಇಲ್ಲ, ಫೋಟೋ ತೆಗೆಯುವುದಿಲ್ಲ. ಇಂದು ಊಟದ ಸಾಲಿನಲ್ಲಿ ಯಾರಾದರೂ, "ಹೇಗಿದೆ ಕೆಲಸ?" ಅಂತ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ. ಇಲ್ಲದಿದ್ದರೆ ನಾನು ಪಾಯಸದ ಪಾತ್ರೆಯ ಪಕ್ಕ ನಿಂತಿರುತ್ತೇನೆ, ಬಂದು ಹೇಳಿ.